ಹಳ್ಳದ ಮೀನು ಉಳಿಸಲು ಊರವರೇ ಸೇರಿ ಯೋಜನೆ: ಮೊದಲ ಕೆಲಸ ಯಾವುದು?

ಹೊಳೆಬದಿ
ಶಿರಸಿ–ಸಿದ್ದಾಪುರ ಕಡೆ ಅಘನಾಶಿನಿಗೆ ಸೇರುವ ಒಂದು ಹಳ್ಳದ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಬರುವ ಭಾನುವಾರವೇ ಹುಬ್ಬಳ್ಳಿ, ಬೆಂಗಳೂರು ಗಾಡಿಗಳು ಬಂದು ನಿಲ್ಲುತ್ತವೆ.

ಹಳ್ಳ ದೊಡ್ಡದೇನಲ್ಲ. ಬೇಸಿಗೆಯಲ್ಲಿ ಹರಿವು ನಿಂತು ಅಲ್ಲೊಂದು ಇಲ್ಲೊಂದು ಗುಂಡಿ ಉಳಿಯುತ್ತದೆ. ಮೀನುಗಳು ಆ ಗುಂಡಿಗಳಲ್ಲೇ ಮಳೆಗಾಲದ ತನಕ ಜೀವ ಹಿಡಿದುಕೊಂಡಿರುತ್ತವೆ. ಈಗ ಎರಡೂ ದಂಡೆಯ ಊರವರು, ಪಂಚಾಯ್ತಿಯವರು, ಗಾಳ ಹಾಕುವ ಹುಡುಗರು ಎಲ್ಲ ಸೇರಿ ಏನಾದರೂ ಮಾಡೋಣ ಎಂದು ಮಾತಾಗಿದೆ. ಮೊದಲ ಸಭೆಯೂ ಆಯಿತು. ಅಲ್ಲಿ ಬಂದ ಸಲಹೆ ಒಂದೇ. ಇಲಾಖೆಗೆ ಅರ್ಜಿ ಕೊಟ್ಟು ಮೀನುಮರಿ ತಂದು ಬಿಡೋಣ, ಶಾಸಕರನ್ನು ಕರೆದು ಫೋಟೋ ತೆಗೆಸೋಣ.

ನನಗೆ ಇದು ಸರಿ ಕಾಣಲಿಲ್ಲ. ಇದ್ದ ಮೀನು ಯಾಕೆ ಕಮ್ಮಿ ಆಯಿತು ಎಂದು ಯಾರೂ ಕೇಳಲಿಲ್ಲ. ಹೊಸ ಮರಿ ಬಿಟ್ಟರೆ ಅವೂ ಅದೇ ದಾರಿ ಹಿಡಿಯುತ್ತವೆ, ಅಲ್ವಾ? ಇಂಥ ಕೆಲಸದಲ್ಲಿ ಕೈ ಹಾಕಿದವರು ಹೇಳಿ. ಬೈದರೂ ತೊಂದರೆ ಇಲ್ಲ.

ಗಾಳಗಾರ ದಾಂಡೇಲಿ
ಒಳ್ಳೇ ವಿಷಯ. ನನ್ನ ಅಭಿಪ್ರಾಯ ಕೇಳಿದರೆ ಮಹಶೀರ್ ಬಿಡಿ, ಗಾಳದವರು ಹುಡುಕಿಕೊಂಡು ಬರುವ ದೊಡ್ಡ ಹೊಳೆಮೀನು. ಕೊಡಗಿನ ವಾಲ್ನೂರು ನೋಡಿ. ಕಾವೇರಿಯ ಒಂದು ಭಾಗವನ್ನು ಗಾಳದವರಿಗೇ ಮೀಸಲಿಟ್ಟು, ಹಿಡಿದ ಮೀನನ್ನು ವಾಪಸ್ ನೀರಿಗೆ ಬಿಡುವ ಪದ್ಧತಿ ಮಾಡಿದರು. ಗಾಳದವರು ದುಡ್ಡು ಕೊಟ್ಟು ಬರುತ್ತಾರೆ, ಊರ ಹುಡುಗರಿಗೆ ಗೈಡ್ ಕೆಲಸ ಸಿಗುತ್ತದೆ. ನಮ್ಮ ಕಡೆ ಕಾಳಿ ಇದೆ, ಆದರೆ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಗಾಳದ ಮಾತೇ ಇಲ್ಲ. ಹೊರಗೆ ಹಾಕೋಣ ಎಂದರೆ ಮೊಸಳೆ. ದಾಂಡೇಲಿಯಲ್ಲಿ ದಂಡೆ ಮೇಲೆ ಕೂತವನಿಗೆ ಒಂದು ಕಣ್ಣು ನೀರಿನ ಮೇಲೆ, ಒಂದು ಕಣ್ಣು ಬೆನ್ನ ಹಿಂದೆ. ನಿಮ್ಮ ಹಳ್ಳದಲ್ಲಿ ಆ ಕಾಟ ಇಲ್ಲ.

ಮೀನು ಕಾಲೇಜು
ಮಹಶೀರ್ ಬಿಡಿ ಅನ್ನುವುದು ಅಷ್ಟು ಸುಲಭ ಅಲ್ಲ ಅಣ್ಣ. ಕಾವೇರಿಯ ಕಥೆಯನ್ನೇ ಪೂರ್ತಿ ಹೇಳುತ್ತೇನೆ.

ಕಾವೇರಿಯ ಸ್ವಂತ ಮೀನು ಬೆನ್ನು ಗೂನಾಗಿ, ಕಿತ್ತಳೆ ರೆಕ್ಕೆ ಇರುವ ಮಹಶೀರ್. ಗಾಳದವರು ಪ್ರಪಂಚದ ಮೂಲೆಮೂಲೆಯಿಂದ ಬರುತ್ತಿದ್ದುದು ಅದಕ್ಕೇ. ಮೀನು ಹೆಚ್ಚಾಗಲಿ ಎಂಬ ಒಳ್ಳೇ ಮನಸ್ಸಿನಿಂದಲೇ ಬೇರೆ ಕಡೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಹ್ಯಾಚರಿಯಲ್ಲಿ ಬೆಳೆಸಿ ನದಿಗೆ ಬಿಟ್ಟರು. ಗಾಳಕ್ಕೆ ಸಿಗುವ ಮೀನಿನ ಸಂಖ್ಯೆ ಏರಿತು. ಎಲ್ಲರೂ ಖುಷಿ. ಆದರೆ ಏರಿದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನದು ಕಾಣೆಯಾಗುತ್ತಾ ಬಂತು. 2018ರಲ್ಲಿ ಜೀವಿಗಳ ಸ್ಥಿತಿ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಅದಕ್ಕಿಂತ ಕೆಟ್ಟ ಸ್ಥಿತಿ ಎಂದರೆ ಹೊಳೆಯಲ್ಲಿ ಇಲ್ಲ, ಇಲ್ಲವೇ ಎಲ್ಲೂ ಇಲ್ಲ ಅನ್ನುವುದು ಮಾತ್ರ.

ಕಾಟ್ಲಾ, ರೋಹು ಮರಿಯೂ ಅಷ್ಟೇ. ಅವು ಉತ್ತರದ ದೊಡ್ಡ ನದಿಗಳ ಮೀನು. ಕೆರೆಗೆ ಬಿಡಿ, ಬೆಳೆಸಿ, ಮಾರಿ, ಯಾರೂ ಬೇಡ ಅನ್ನುವುದಿಲ್ಲ. ಕೆರೆಯ ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ತರಲೇಬೇಕು. ಹರಿಯುವ ಹಳ್ಳಕ್ಕೆ ಸುರಿದರೆ ಒಂದೋ ಮೊದಲ ಪ್ರವಾಹಕ್ಕೆ ಕೊಚ್ಚಿ ಹೋಗುತ್ತವೆ, ಇಲ್ಲವೇ ಊರ ಮೀನಿನ ಊಟ ಕಸಿಯುತ್ತವೆ. ಇನ್ನು ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಕೇಳಲೇ ಬೇಡಿ. ಸಾಕುವುದಕ್ಕೇ ನಿಷೇಧ ಇದೆ. ಆದರೂ ಮಳೆಗಾಲದಲ್ಲಿ ಕೃಷಿಹೊಂಡ ತುಂಬಿ ಹರಿದಾಗ ಹಳ್ಳಕ್ಕೆ ಬರುತ್ತದೆ.

ಇನ್ನೊಂದು ಮಾತು. ನಿಮ್ಮ ಹಳ್ಳ ಅಘನಾಶಿನಿಗೆ ಸೇರುವುದು ಉಂಚಳ್ಳಿ ಜಲಪಾತದ ಮೇಲೋ ಕೆಳಗೋ?

ಹೊಳೆಬದಿ
ಮೇಲೆ.

ಮೀನು ಕಾಲೇಜು
ಹಾಗಿದ್ದರೆ ಇನ್ನೂ ಹುಷಾರಾಗಿರಬೇಕು. ಉಂಚಳ್ಳಿ ಸುಮಾರು 116 ಮೀಟರ್ ಬೀಳುತ್ತದೆ. ಕೆಳಗಿನ ಮೀನು ಯಾವತ್ತೂ ಮೇಲೆ ಹತ್ತಿ ಬರುವುದಿಲ್ಲ. ಮೇಲಿನ ಹಳ್ಳಗಳಲ್ಲಿ ಒಂದು ಜಾತಿ ಪೂರ್ತಿ ಸತ್ತರೆ ಕೆಳಗಿನಿಂದ ಬಂದು ತುಂಬುವವರಿಲ್ಲ. ಮೇಲಿನಿಂದ ಎಂದರೆ ಶಿರಸಿಯ ಶಂಕರಹೊಂಡದ ತನಕ ಎಷ್ಟು ನೀರಿದೆ, ನೀವೇ ನೋಡಿದ್ದೀರಿ. ಇರುವುದನ್ನು ಮೊದಲು ಉಳಿಸಿ.

ಗಾಳಗಾರ ದಾಂಡೇಲಿ
ಸರಿ ಮಾರಾಯ, ಮರಿ ಬಿಡುವ ಮಾತು ವಾಪಸ್. ಆದರೆ ಗಾಳದವರನ್ನು ದೂರ ಇಡಬೇಡಿ. ದಿನಾ ನೀರು ನೋಡುವವರು ನಾವೇ.

ತೋಟದವ
ನಾನು ಮೀನು ತಿನ್ನುವವನಲ್ಲ, ಹಿಡಿಯುವವನೂ ಅಲ್ಲ. ಆದರೂ ಬರೆಯುತ್ತೇನೆ. ಮೀನು ಕಮ್ಮಿ ಆಗಿದ್ದರಲ್ಲಿ ನಮ್ಮ ಪಾಲೂ ಇದೆ.

ಅಡಿಕೆ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೀನು ಮೇಲೆ ಹತ್ತಿ ಮೊಟ್ಟೆ ಇಡುವುದೂ ಅದೇ ಹೊತ್ತಿಗೆ. ತಾಮ್ರ ಮೀನಿಗೆ ವಿಷ. ಅದರಲ್ಲೂ ನಮ್ಮ ಮಲೆನಾಡಿನ ಮೆದು ನೀರಿನಲ್ಲಿ ಅದರ ಪೆಟ್ಟು ಜಾಸ್ತಿ.

ಮರದ ಮೇಲೆ ಬಿದ್ದದ್ದು ದೊಡ್ಡ ಸಮಸ್ಯೆ ಅಲ್ಲ ಎಂದು ನನ್ನ ಲೆಕ್ಕ. ಸಮಸ್ಯೆ ಸಂಜೆ ಶುರು. ಕೆಲಸ ಮುಗಿದ ಮೇಲೆ ಡ್ರಮ್ಮು, ಪೈಪು, ಪಂಪು ಎಲ್ಲ ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತಾರೆ. ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ಗಸಿಯನ್ನು ಅಲ್ಲೇ ಕವುಚಿ ತೊಳೆಯುತ್ತಾರೆ. ಕಲ್ಲಿಗೆ ಅಂಟಿಕೊಂಡಿರುವ ಸಣ್ಣ ಮೀನುಗಳು ಮೊದಲು ಮೇಲೆ ಬರುತ್ತವೆ. ಮರುದಿನ ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಆಗ ನಾವೇ "ಯಾರೋ ವಿಷ ಹಾಕಿದ್ದಾರೆ" ಅನ್ನುತ್ತೇವೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ದ್ರಾವಣ ಸರಿಯಾಗಿ ಕೂಡಿದೆಯಾ ಎಂದು ನಮ್ಮ ಅಪ್ಪನ ಕಾಲದಿಂದಲೂ ನೋಡುವ ರೀತಿ ಇದೆ. ಚೆನ್ನಾಗಿ ಮಸೆದ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ಹಿಡಿಯುವುದು. ಕೆಂಪು ಲೇಪ ಹಿಡಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಇನ್ನೂ ಸುಣ್ಣ ಬೇಕು. ಲೇಪ ಹಿಡಿಯದಿದ್ದರೆ ಸರಿ. ಇದರಿಂದ ಅಡಿಕೆಗೂ ಒಳ್ಳೆಯದು, ಸುಣ್ಣ ಕಮ್ಮಿಯಾದರೆ ಹಿಂಗಾರ (ಹೂಗೊನೆ), ಮಿಳ್ಳೆ (ಎಳೆಕಾಯಿ) ಸುಡುತ್ತದೆ. ಉಳಿದ ಗಸಿಗೆ ತೋಟದ ಮೇಲಿನ ಬದಿಯಲ್ಲಿ, ಹಳ್ಳದಿಂದ ದೂರ ಒಂದು ಗುಂಡಿ ತೋಡಿ. ತೊಳೆಯುವುದೂ ಅಲ್ಲೇ. ನೀರು ಹೊತ್ತು ತರಬೇಕು ಅನ್ನುವುದೊಂದೇ ರಗಳೆ. ಆ ರಗಳೆ ನಮ್ಮದಾಗಲಿ.

ಅಂಬಿಗರ ಮನೆ
ತೋಟದವರೇ, ಇದನ್ನು ನಿಮ್ಮ ಬಾಯಿಂದ ಕೇಳಿ ಸಮಾಧಾನ ಆಯಿತು. ನಮ್ಮ ಹಿರಿಯರು ಇದನ್ನೇ ಹೇಳಿದರೆ "ನೀವು ಬಲೆ ಹಾಕಿ ಖಾಲಿ ಮಾಡಿದ್ದೀರಿ" ಎಂದು ಮಾತು ಮುಗಿಸುತ್ತಿದ್ದರು.

ಬೀಸುಬಲೆ ಹಾಕಿ ಹಳ್ಳ ಖಾಲಿ ಮಾಡಲು ಆಗುವುದಿಲ್ಲ. ಬಲೆ ಕಲ್ಲಿನ ಸಂದಿಗೆ ಹೋಗುವುದಿಲ್ಲ. ಖಾಲಿ ಮಾಡುವುದು ಬ್ಲೀಚಿಂಗ್ ಪೌಡರ್, ತೋಟೆ (ಸಿಡಿಮದ್ದು), ಬ್ಯಾಟರಿ ಕರೆಂಟು. ಮುಂಚೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಹೌದು. ಅದಕ್ಕೆ ಗುಂಡಿಯ ಮೀನು ಮತ್ತೇರಿ ಮೇಲೆ ಬರುತ್ತಿತ್ತು. ಬ್ಲೀಚಿಂಗ್ ಹಾಗಲ್ಲ. ಏಡಿ, ಹುಳ, ಪಾಚಿ ಏನೂ ಉಳಿಯುವುದಿಲ್ಲ. ರಾತ್ರಿ ಬಂದು ಹಾಕುವವರು ಹೊರಗಿನವರು ಎಂದು ಹೇಳುವುದು ಎಲ್ಲರಿಗೂ ಹಿತ. ದಾರಿ ತೋರಿಸುವವರು ಒಳಗಿನವರೇ.

ಸಭೆಯಲ್ಲಿ "ಎರಡು ವರ್ಷ ಯಾರೂ ಮೀನು ಹಿಡಿಯಬಾರದು" ಎಂದು ಠರಾವು ಮಾಡುತ್ತಾರೆ ಎಂದು ಕೇಳಿದೆ. ಮೀನು ತಿನ್ನದವರು ಕೈ ಎತ್ತಿದರೆ ಠರಾವು ಪಾಸಾಗುತ್ತದೆ. ಅವತ್ತು ಸಂಜೆ ನಮ್ಮ ಮನೆಯ ಪದಾರ್ಥಕ್ಕೆ ಏನು?

ಕೂಣಿ ಬನವಾಸಿ
ಇವರು ಹೇಳಿದ್ದು ನಿಜವಾದ ಮಾತು. ಎಲ್ಲಾ ಬಂದ್ ಅಂದರೆ ಕಳ್ಳತನ ಶುರು.

ನಮ್ಮ ಕಡೆ ಕೆರೆಬೇಟೆ ಇದೆಯಲ್ಲ, ಅದನ್ನು ಸ್ವಲ್ಪ ನೋಡಿ. ಹೊರಗಿನವರಿಗೆ ಅದು ಕೆಸರಿನಲ್ಲಿ ಕೂಗಾಟ, ವಿಡಿಯೋ ಮಾಡಲು ಚೆಂದ. ಅದರ ಹಿಂದಿನ ವ್ಯವಸ್ಥೆ ಬೇರೆಯೇ ಇದೆ. ವರ್ಷವಿಡೀ ಆ ಕೆರೆಗೆ ಯಾರೂ ಬಲೆ ಹಾಕುವಂತಿಲ್ಲ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಊರ ಸಮಿತಿ ದಿನ ಗೊತ್ತು ಮಾಡುತ್ತದೆ. ಕೂಣಿಗೆ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಷ್ಟು ಎಂದು ದುಡ್ಡು ಕಟ್ಟಬೇಕು. ಸುತ್ತಲಿನ ಹಳ್ಳಿಯವರೂ ಬರಬಹುದು. ಸೂಚನೆ ಕೊಡುವ ತನಕ ದಂಡೆ ಮೇಲೆ ನಿಂತಿರಬೇಕು, ಒಬ್ಬ ಮುಂಚೆ ಇಳಿದರೂ ಗಲಾಟೆಯೇ. ಆಮೇಲೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತಿ, ಒಳಗೆ ಏನಾದರೂ ಬಡಿದರೆ ಮೇಲಿನ ಬಾಯಿಂದ ಕೈ ಹಾಕಿ ಹಿಡಿಯುವುದು. ಬಂದ ದುಡ್ಡು ದೇವಸ್ಥಾನಕ್ಕೋ ಕೆರೆ ಕೆಲಸಕ್ಕೋ ಹೋಗುತ್ತದೆ.

ಆ ಕೆರೆಗೆ ಕಾವಲುಗಾರ ಬೇಕಾಗಿಲ್ಲ. ಪ್ರತಿ ಮನೆಯವರಿಗೂ ಆ ದಿನ ಪಾಲು ಇದೆ. ಮಧ್ಯರಾತ್ರಿ ಯಾರಾದರೂ ಬಲೆ ಹಾಕಿದರೆ ಹತ್ತು ಮನೆಯ ನಾಯಿ ಬೊಗಳುತ್ತದೆ, ಹತ್ತು ಮನೆಯವರು ಎದ್ದು ಬರುತ್ತಾರೆ. ಹಳ್ಳಕ್ಕೆ ಇದೇ ಪದ್ಧತಿ ಹೊಂದುವುದಿಲ್ಲ, ಹರಿಯುವ ನೀರನ್ನು ಹಾಗೆ ಬಾಚಬಾರದು. ಪಾಲು ಅನ್ನುವುದನ್ನು ಮಾತ್ರ ತೆಗೆದುಕೊಳ್ಳಿ.

ಸುಮ್ನೆ ಓದುಗ
ಗುಂಡಿಗೆ ದೇವರ ಹೆಸರಿಟ್ಟು ಒಂದು ಬೋರ್ಡ್ ಹಾಕಿ. ಶೃಂಗೇರಿಯಲ್ಲಿ ಮೀನು ಉಳಿದಿಲ್ವಾ?

ಮೀನು ಕಾಲೇಜು
ಉಳಿದಿದೆ. ದಕ್ಷಿಣ ಕನ್ನಡದ ಶಿಶಿಲ ದೇವಸ್ಥಾನದ ಹತ್ತಿರವೂ ಉಳಿದಿತ್ತು. ಅಲ್ಲಿ 1996ರಲ್ಲಿ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿದರು. ದೇವರ ಮೀನು ಸಾವಿರಾರು ಸತ್ತವು. ಅದರ ನೆನಪಿಗೆ ಅಲ್ಲಿ ಮೀನುಗಳಿಗೇ ಒಂದು ಸ್ಮಾರಕ ಕಟ್ಟಿದ್ದಾರೆ. ಆಮೇಲೆ ಮೀನು ಮತ್ತೆ ಬಂದವು, ಆದರೆ ಊರವರು ಕಾಯ್ದುಕೊಂಡಿದ್ದಕ್ಕೆ ಬಂದವು. ದೇವರ ಹೆಸರು ದೊಡ್ಡ ಬಲ. ನಿಮ್ಮ ಹಳ್ಳದ ಒಂದು ಆಳದ ಗುಂಡಿಗೆ ಹಾಗೆ ಮಾಡಿದರೆ ನಾನು ಬೇಡ ಅನ್ನುವುದಿಲ್ಲ. ಯಾವ ಗುಂಡಿ ಎಂದು ಆರಿಸುವವರು ಮಾತ್ರ ಅಂಬಿಗರ ಮನೆಯವರಾಗಿರಲಿ. ಬೇಸಿಗೆಯಲ್ಲಿ ಕೊನೆಗೆ ಒಣಗುವುದು ಯಾವುದು ಎಂದು ಅವರಿಗೆ ಗೊತ್ತು. ಬೋರ್ಡ್ ಹಾಕಿದ ಗುಂಡಿ ಏಪ್ರಿಲ್‌ನಲ್ಲಿ ಬತ್ತಿದರೆ ನಗೆಪಾಟಲು.

ಪಂಚಾಯ್ತಿ ಅಕ್ಕ
ನಾನು ಬೇರೆ ತಾಲೂಕಿನ ಪಂಚಾಯ್ತಿ ಸದಸ್ಯೆ. ಕಾಗದದ ಕಡೆಯಿಂದ ನಾಲ್ಕು ಮಾತು.

ವಿಷ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಬ್ರಿಟಿಷರ ಕಾಲದ 1897ರ ಕಾಯ್ದೆಯಿಂದಲೇ ಅಪರಾಧ. ನಮ್ಮ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಹಾಗಾಗಿ ಹೊಸ ನಿಯಮ ಮಾಡಬೇಕಿಲ್ಲ, ಇರುವುದನ್ನು ಹೇಳುವ ಧೈರ್ಯ ಬೇಕು.

ಹಳ್ಳ ಯಾರ ಹೆಸರಿನಲ್ಲೂ ಇಲ್ಲ, ಅದು ಸರ್ಕಾರದ್ದು. ಕೆರೆಗಾದರೆ ಮೀನು ಪಾಶುವಾರು ಹಕ್ಕು (ಮೀನು ಹಿಡಿಯುವ ಹಕ್ಕು), ಟೆಂಡರು, ಗುತ್ತಿಗೆ ಎಲ್ಲ ಇರುತ್ತದೆ. ಹಳ್ಳಕ್ಕೆ ಊರ ಸಮಿತಿ "ಇಲ್ಲಿ ದುಡ್ಡು ಕೊಡಿ" ಎಂದು ತಾನೇ ರಸೀದಿ ಹರಿದರೆ ನಾಳೆ ತೊಂದರೆ. ಅದಕ್ಕೆ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಹೋಗಿ. 2002ರ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಇರಬೇಕು. ಎಷ್ಟೋ ಕಡೆ ಕಾಗದದ ಮೇಲೆ ಮಾತ್ರ ಇದೆ, ಸದಸ್ಯರಿಗೇ ತಾವು ಸದಸ್ಯರು ಎಂದು ಗೊತ್ತಿರುವುದಿಲ್ಲ. ಕೇಳಿ, ಎಬ್ಬಿಸಿ. ಹಳ್ಳದ ಮೀನಿನ ಹೆಸರು, ಎಲ್ಲಿ ಮೊಟ್ಟೆ ಇಡುತ್ತವೆ, ಯಾವಾಗ ಹತ್ತುತ್ತವೆ ಎಲ್ಲವನ್ನೂ ಊರ ದಾಖಲೆಯಲ್ಲಿ ಬರೆಸಿ. ದಂಡೆ ಅರಣ್ಯಕ್ಕೆ ಸೇರಿದ್ದರೆ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಅವರನ್ನು ಮೊದಲ ದಿನವೇ ಕರೆಯಿರಿ, ಕೊನೇ ದಿನ ಅಲ್ಲ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಸಮುದಾಯದ ಹಕ್ಕು ಎಂದರೆ ಮೀನು ಮತ್ತು ನೀರಿನ ಉತ್ಪನ್ನವೂ ಸೇರಿದೆ. ಅಂಬಿಗರ ಮನೆಯವರು ಇದನ್ನು ನೆನಪಿಟ್ಟುಕೊಳ್ಳಿ.

ಕಿಂಡಿ ಅಣೆಕಟ್ಟು ಇದೆಯಾ ನಿಮ್ಮಲ್ಲಿ?

ಹೊಳೆಬದಿ
ಇದೆ ಅಕ್ಕ. ಕೆಳಗೆ ಒಂದು. ಮಳೆ ನಿಂತ ಮೇಲೆ ಹಲಗೆ ಹಾಕುತ್ತಾರೆ, ತೋಟಕ್ಕೆ ನೀರು ಬೇಕಲ್ಲ. ಹೋದ ವರ್ಷ ಮಳೆ ಶುರುವಾದರೂ ತೆಗೆಯಲು ಯಾರೂ ಬರಲಿಲ್ಲ. ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರ ನಂಬರ್ ಕೊಟ್ಟರು. ಕೊನೆಗೆ ನೆರೆ ಬಂದು ಎರಡು ಹಲಗೆ ಮುರಿದುಕೊಂಡು ಹೋಯಿತು. ಅಷ್ಟರಲ್ಲಿ ಮೀನು ಹತ್ತುವ ಮೊದಲ ವಾರ ಮುಗಿದಿತ್ತು. ಕಟ್ಟೆಯ ಬುಡದಲ್ಲಿ ರಾಶಿ ನಿಂತಿದ್ದವು, ಕೈಯಲ್ಲೇ ಹಿಡಿಯುವಷ್ಟು. ಹಿಡಿದರೂ ಸಹ.

ಪಂಚಾಯ್ತಿ ಅಕ್ಕ
ನಿಮ್ಮ ಯೋಜನೆಯ ಮೊದಲ ಸಾಲು ಇದೇ ಆಗಲಿ. ಮೇ ಕೊನೆಗೆ ಹಲಗೆ ತೆಗೆಯುವವರು ಯಾರು, ಕೂಲಿ ಯಾರು ಕೊಡುತ್ತಾರೆ, ಹಲಗೆ ಎಲ್ಲಿ ಇಡುತ್ತಾರೆ. ಮೂರಕ್ಕೂ ಹೆಸರು ಬರೆಯಿರಿ. "ಸಂಬಂಧಪಟ್ಟವರು" ಎಂದು ಬರೆದರೆ ಯಾರೂ ಬರುವುದಿಲ್ಲ.

ದೂರದೇಶಿ
ನಾನು ಕುಮಟಾದವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ 13 ವರ್ಷ ತುಂಬಿದ ಯಾರೇ ಆದರೂ ಹೊಳೆಯಲ್ಲಿ ಗಾಳ ಹಾಕಲು ಸರ್ಕಾರಿ ಲೈಸೆನ್ಸ್ ಇರಬೇಕು, ಮಕ್ಕಳಿಗೆ 16ರ ತನಕ ಉಚಿತ. ಆ ದುಡ್ಡು ಮೀನಿನ ನೀರಿಗೇ ವಾಪಸ್ ಬರುತ್ತದೆ. ಗಾಳದ ಕ್ಲಬ್ಬುಗಳು, ದಂಡೆಯ ರೈತರು, ಸರ್ಕಾರದ ಎನ್ವಿರಾನ್ಮೆಂಟ್ ಏಜೆನ್ಸಿ ಸೇರಿ ಕೆಲಸ ಮಾಡುತ್ತಾರೆ. ಹಳೇ ಕಟ್ಟೆ ಒಡೆಯುವುದು, ಒಡೆಯಲು ಆಗದಿದ್ದರೆ ಮೀನು ಹತ್ತಲು ಮೆಟ್ಟಿಲು ಮಾಡುವುದು, ದಂಡೆಗೆ ಬೇಲಿ ಹಾಕಿ ದನ ಇಳಿಯದಂತೆ ನೋಡುವುದು, ನೆರಳಿಗೆ ಗಿಡ ನೆಡುವುದು. ಹೊಳೆಗಳಲ್ಲಿ ಮಾರ್ಚ್ 15ರಿಂದ ಜೂನ್ 15ರ ತನಕ ಬಹುಪಾಲು ಮೀನಿಗೆ ಗಾಳ ಹಾಕುವಂತಿಲ್ಲ, ಇಲ್ಲಿ ಅವು ಮರಿ ಮಾಡುವ ಕಾಲ ಅದು.

ಆದರೆ ಹಾಗೇ ತಂದು ನೆಡಬೇಡಿ. ಇಲ್ಲಿ ದಂಡೆ ಯಾರದ್ದೋ ಮೀನಿನ ಹಕ್ಕೂ ಅವರದ್ದೇ. ಕ್ಲಬ್ಬು ಅವರಿಂದ ಬಾಡಿಗೆಗೆ ಪಡೆಯುತ್ತದೆ. ಗಾಳ ಹಾಕುವುದು ರಜಾದಿನದ ಖುಷಿ, ಮನೆ ನಡೆಸಲು ಅಲ್ಲ. ನಮ್ಮಲ್ಲಿ ಎರಡೂ ಇವೆ. ಲೈಸೆನ್ಸ್ ಎಂದು ಶುರು ಮಾಡಿದರೆ ಮೊದಲು ಸಿಕ್ಕಿಬೀಳುವುದು ಸಂಜೆ ಸಾರಿಗೆ ನಾಲ್ಕು ಮೀನು ಹಿಡಿಯುವ ಅಜ್ಜಿ.

ಗಾಳಗಾರ ದಾಂಡೇಲಿ
ಊರವರಿಗೆ ಫೀ ಬೇಡ. ಹೊರಗಿನ ಗಾಳದವರಿಗೆ ಮಾತ್ರ ಇರಲಿ, ಪಂಚಾಯ್ತಿ ರಸೀದಿ ಮೇಲೆ. ಜೊತೆಗೆ ಊರ ಒಬ್ಬ ಹುಡುಗ ಇರಲೇಬೇಕು, ಅವನಿಗೆ ದಿನದ ಸಂಬಳ. ಒಂದೇ ಕೊಕ್ಕೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು, ಆಗ ಬಾಯಿ ಹರಿಯದೆ ಬಿಡಿಸಬಹುದು. ಮೀನನ್ನು ಬಂಡೆ ಮೇಲೆ ಹಾಕಿ ಫೋಟೋ ತೆಗೆಯುವ ಹಾಗಿಲ್ಲ. ಒದ್ದೆ ಕೈಯಲ್ಲಿ, ನೀರಿನ ಮೇಲೆಯೇ ಹಿಡಿದು ಬಿಡಬೇಕು.

ಕೊರವ ಹಿಡಿಯುವವರಿಗೆ ಒಂದು ಮಾತು. ನೀರಿನ ಮೇಲೆ ಕೆಂಪು ಕೆಂಪು ಮರಿಗಳ ಹಿಂಡು ಕಂಡರೆ ಅದರ ಕೆಳಗೆ ತಾಯಿ ತಂದೆ ಕಾಯುತ್ತಿರುತ್ತವೆ. ಅಲ್ಲಿಗೆ ಗಾಳ ಬಿಟ್ಟರೆ ಕಚ್ಚೇ ಕಚ್ಚುತ್ತದೆ. ಹಸಿವಿಗಲ್ಲ, ಮರಿ ಕಾಯಲು. ದೊಡ್ಡದನ್ನು ಎತ್ತಿದ ಮೇಲೆ ಅಷ್ಟೂ ಮರಿ ಬೇರೆ ಮೀನಿನ ಬಾಯಿಗೆ. ನಮ್ಮ ಗಾಳದವರಲ್ಲೇ ಇದನ್ನು ಶೌರ್ಯ ಎಂದು ಸ್ಟೇಟಸ್ ಹಾಕುವವರು ಇದ್ದಾರೆ. ನಾಚಿಕೆಗೇಡು.

ಅಂಬಿಗರ ಮನೆ
ಹೊರಗಿನವರ ಫೀಗೆ ನಮ್ಮದು ಅಡ್ಡಿ ಇಲ್ಲ. ಹತ್ತುಮೀನಿನ ಮಾತು ಯಾರೂ ಎತ್ತಲಿಲ್ಲ. ಮೊದಲ ದೊಡ್ಡ ಮಳೆಗೆ ಗದ್ದೆ ಹತ್ತುವ ಮೀನು ಹಿಡಿಯಬೇಡಿ ಎಂದರೆ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅದು ಹಬ್ಬ.

ಸುಮ್ನೆ ಓದುಗ
ನಾನೂ ಕೇಳುವುದಿಲ್ಲ. ಮೊದಲ ಮಳೆ, ಟಾರ್ಚು, ಕತ್ತಿ, ಕಂಬಳಿಕೊಪ್ಪೆ. ಜ್ವರ ಬಂದರೂ ಹೋಗುವುದೇ.

ಮೀನು ಕಾಲೇಜು
ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಹತ್ತುವ ಮೀನು ಅದು. ಸಮುದ್ರಕ್ಕೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಬಂದ್ ಮಾಡುವುದು ಇದೇ ಕಾರಣಕ್ಕೆ. ಹಳ್ಳಕ್ಕೂ ಬೇಕು.

ಅಂಬಿಗರ ಮನೆ
ಬಂದ್ ಆದಾಗ ಅಲ್ಲಿನವರಿಗೆ ಪರಿಹಾರದ ಮಾತಾದರೂ ಇರುತ್ತದೆ. ನಮಗೆ?

ಕೂಣಿ ಬನವಾಸಿ
ನಡುವಿನ ದಾರಿ ಇದೆ. ಹಳ್ಳದ ಅಡ್ಡಗಲಕ್ಕೂ ಕಲ್ಲು ಸೊಪ್ಪು ಕಟ್ಟಿ, ಒಂದೇ ಕಿಂಡಿ ಬಿಟ್ಟು ಅಲ್ಲಿ ಕೂಣಿ ಇಡುತ್ತಾರಲ್ಲ, ಅದು ಕೆಟ್ಟದ್ದು. ಒಂದು ಮೀನೂ ದಾಟುವುದಿಲ್ಲ. ಅರ್ಧ ಹಳ್ಳ ಬಿಟ್ಟು ಇಡಿ. ಗದ್ದೆಯಲ್ಲಿ ಕಡಿಯುವವರು ಕಡಿಯಲಿ, ಹಳ್ಳದ ನಡುವಿನ ದಾರಿ ಖಾಲಿ ಇರಲಿ. ಹಳಬರು ಹಾಗೇ ಇಡುತ್ತಿದ್ದರು ಎಂದು ನಮ್ಮ ಕಡೆ ಹೇಳುತ್ತಾರೆ.

ಅಂಬಿಗರ ಮನೆ
ಅರ್ಧ ಬಿಡುವುದಕ್ಕೆ ನಮ್ಮವರು ಒಪ್ಪಬಹುದು. ನಾನು ಕೇಳಿ ನೋಡುತ್ತೇನೆ. ಡ್ರಮ್ಮಿನ ಗುಂಡಿ ತೋಡಿದ್ದು ಕಣ್ಣಿಗೆ ಕಂಡ ಮೇಲೆ.

ತೋಟದವ
ನ್ಯಾಯವಾದ ಮಾತು. ನಮ್ಮ ತೋಟದ್ದು ಈ ವಾರ ತೋಡಿಸುತ್ತೇನೆ, ಬಂದು ನೋಡಿ. ಪಕ್ಕದ ಮನೆ ಭಾವನಿಗೂ ಹೇಳುತ್ತೇನೆ. ಅವನು ಒಪ್ಪಿದರೆ ಕೇರಿ ಪೂರ್ತಿ ಒಪ್ಪಿದ ಹಾಗೆ.

ಕಡಲ ಕುಮಟಾ
ಕೆಳಗಿನವರ ಮಾತೂ ಒಂದು ಸೇರಿಸಿಕೊಳ್ಳಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಭಾಷಣ ಆಯಿತು. ಬಳಚು (ಚಿಪ್ಪುಮೀನು) ಆಯುವ ನಮ್ಮ ಹೆಂಗಸರಿಗೆ ಅದರಿಂದ ಏನು ಬದಲಾಯಿತು ಎಂದು ಕೇಳಬೇಡಿ. ಆದರೆ ನೀವು ಮೇಲೆ ತೊಳೆದದ್ದು ಕೊನೆಗೆ ನಮ್ಮ ಗಜನಿಗೇ (ಉಪ್ಪುನೀರು ಹೊಕ್ಕುವ ಗದ್ದೆ) ಬರುತ್ತದೆ. ಉಂಚಳ್ಳಿ ಮೀನನ್ನು ತಡೆಯುತ್ತದೆ, ತಾಮ್ರವನ್ನು ತಡೆಯುವುದಿಲ್ಲ. ದೊಡ್ಡ ಅಣೆಕಟ್ಟು ಇಲ್ಲದೆ ಕಡಲು ಸೇರುವ ನದಿ ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಹೇಳಿ? ಕಾಳಿ, ಶರಾವತಿಯ ಸ್ಥಿತಿ ಗೊತ್ತಲ್ಲ. ನಿಮ್ಮ ಸಭೆಗೆ ನಮ್ಮಿಂದ ಒಬ್ಬರು ಬರಬಹುದಾ?

ಹೊಳೆಬದಿ
ಖಂಡಿತ ಬನ್ನಿ. ಮನೆಯಲ್ಲೇ ಉಳಿಯಬಹುದು, ಮೀನಿನ ಊಟ ಮಾತ್ರ ಸಿಗುವುದಿಲ್ಲ.

ಸಭೆಗೆ ನಾನು ತೆಗೆದುಕೊಂಡು ಹೋಗುವುದು ಇಷ್ಟು. ಹಲಗೆ ತೆಗೆಯುವವರ ಹೆಸರು. ಡ್ರಮ್ಮಿನ ಗುಂಡಿ. ಅಂಬಿಗರ ಮನೆಯವರು ತೋರಿಸಿದ ಒಂದು ಆಳದ ಗುಂಡಿಗೆ ಕೈ ಹಾಕದಿರುವುದು, ಉಳಿದ ಕಡೆ ಬಲೆ ಗಾಳ ಎಂದಿನಂತೆ. ಮೀನುಮರಿ ಅರ್ಜಿ ಈ ವರ್ಷ ಬೇಡ. ಒಂದು ನೋಟ್‌ಬುಕ್ ಇಡೋಣ. ಹಿಡಿದವರು ಮೀನಿನ ಹೆಸರು, ಉದ್ದ, ಯಾವ ಗುಂಡಿ ಎಂದು ಬರೆಯಲಿ, ಬರೆಯಲು ಬಾರದವರಿಗೆ ಶಾಲೆ ಮಕ್ಕಳು ಬರೆದುಕೊಡಲಿ. ಎರಡು ಮಳೆಗಾಲ ಕಳೆದ ಮೇಲೆ ಅದನ್ನು ನೋಡಿ ಫೀ, ಗಾಳದವರು, ಮರಿ ಎಲ್ಲ ಮಾತಾಡಬಹುದು. ಶಾಸಕರ ಫೋಟೋ ತಪ್ಪಿತು ಎಂದು ಕೆಲವರಿಗೆ ಬೇಜಾರಾಗುತ್ತದೆ, ಆಗಲಿ.

ಸಭೆ ಭಾನುವಾರ ಬೆಳಿಗ್ಗೆ 11ಕ್ಕೆ, ದೇವಸ್ಥಾನದ ಅಂಗಳದಲ್ಲಿ.

ಅಂಬಿಗರ ಮನೆ
11ಕ್ಕೆ ನಮ್ಮ ಕಡೆಯಿಂದ ಒಬ್ಬರೂ ಬರುವುದಿಲ್ಲ. ಕೂಲಿಗೆ ಹೋಗಿರುತ್ತಾರೆ. ದೇವಸ್ಥಾನದ ಅಂಗಳವೂ ಬೇಡ, ಕೆಲವರು ಹೊರಗೇ ನಿಲ್ಲುತ್ತಾರೆ.

ಹೊಳೆಬದಿ
ಸರಿ. ಸಂಜೆ 6ಕ್ಕೆ, ಶಾಲೆಯ ಜಗಲಿ. ಚಹಾ ನಮ್ಮ ಕಡೆಯಿಂದ. ಹೋಗುವಾಗ ಕತ್ತಲಾಗುತ್ತದೆ, ಟಾರ್ಚ್ ತನ್ನಿ. ತೋಟದವರೇ, ನಿಮ್ಮ ಜೀಪಿನಲ್ಲಿ ಆಚೆ ದಂಡೆಯ ಹಿರಿಯರನ್ನು ಕರೆತರಲು ಆಗುತ್ತದಾ?

ತೋಟದವ
ಆಗುತ್ತದೆ. ಐದೂವರೆಗೆ ಸಂಕದ ಹತ್ತಿರ ನಿಂತಿರಲಿ.